ಕರಿ ಕಾರಿನ ಮೆತ್ತನೆಯ ಬ್ರೇಕು

ಮನೆಯ ಮುಂದೆಯೇ ಗ್ಯಾರೇಜು ಇದ್ದವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಾ ಹಾರ್ನ್ ಬಾರಿಸುತ್ತ ತಾನೇ ಬಾಗಿಲಿಗೆ ಬರುತ್ತದೆ. ಬ್ರೇಕು ಹಿಡಿಯದಿದ್ದರೆ ಬಾಗಿಲು ದಾಟಿ ಮುಂದೆಯೂ ಹೋಗುತ್ತದೆ.

ನನ್ನ ಗಂಡ ಬಾಗಲಕೋಟೆಯ ಗ್ಯಾರೇಜೊಂದರಲ್ಲಿ ಒಂಬತ್ತು ವರ್ಷ ದುಡಿದವರು. ಮಗ ಹುಟ್ಟಿದ ಮೇಲೆ ಇಳಕಲ್ಲಿಗೆ ಬಂದು, ಬಾಡಿಗೆ ಮನೆಯ ಮುಂದೆ ನಾಲ್ಕು ತಗಡು ಹೊದಿಸಿ ಸ್ವಂತ ಗ್ಯಾರೇಜು ತೆರೆದರು. ನಾವು ಹೊರಡುವಾಗ ಅವರ ಅಣ್ಣ, ಅಂದರೆ ನನ್ನ ಭಾವ, ಬಾಗಿಲಲ್ಲಿ ನಿಂತು ಹೇಳಿದರು: "ಮೂರು ತಿಂಗಳು ನೋಡು ತಮ್ಮಾ. ಆಗಲಿಲ್ಲಂದ್ರ ಸುಮ್ನ ವಾಪಸ್ ಬಾ. ನಿಮ್ಮ ಖೋಲಿ ಹಂಗ ಇಟ್ಟಿರ್ತೇನಿ."

ಆ ಖೋಲಿ ಎಂದರೆ ಹತ್ತು ಮಂದಿಯ ಮನೆಯೊಳಗೆ ಜೋಳದ ಚೀಲಗಳನ್ನು ಇರಿಸಿ ಉಳಿದ ಜಾಗ. ಹಾಸಿಗೆ ಹಾಸಬೇಕಾದರೆ ಚೀಲಗಳ ಅಪ್ಪಣೆ ಕೇಳಬೇಕು. ಇಳಕಲ್ಲಿನಲ್ಲಿ ನನಗೆ ಸ್ವಂತ ಒಲೆ ಇತ್ತು, ಸ್ವಂತ ಬಾಗಿಲು ಇತ್ತು, ಬಾಗಿಲು ಹಾಕಿಕೊಂಡು ಗಂಡನ ಸಂಗಡ ಮನಸಾರೆ ಜಗಳಾಡುವ ಸೌಕರ್ಯ ಇತ್ತು. ಅದನ್ನೆಲ್ಲ ಬಿಟ್ಟು ಚೀಲಗಳ ಹತ್ತಿರ ಮರಳುವ ಮನಸ್ಸು ನನಗೆ ಒಂದಿಷ್ಟೂ ಇರಲಿಲ್ಲ. ಆದರೆ ಎರಡೂವರೆ ತಿಂಗಳಲ್ಲಿ ನಮ್ಮ ಗ್ಯಾರೇಜಿಗೆ ಬಂದದ್ದು ಎರಡು ಮೋಟರ್‌ಸೈಕಲ್ಲು, ಒಂದು ಟ್ರ್ಯಾಕ್ಟರು, ಮತ್ತೆ ಪಕ್ಕದ ಮನೆಯವರ ಹೊಲಿಗೆ ಮಷೀನು.

ಆಗ ಕರಿ ಕಾರು ಬಂತು.

ಬೀಗರ ಮನೆಯ ಚಹಾ

ಕಾರು ಊರಿನ ಸೀರೆ ವ್ಯಾಪಾರದ ಸಾವ್ಕಾರರದು. ನಮ್ಮ ತಗಡಿನ ಮುಂದೆ ನಿಲ್ಲಬೇಕಾದ ಅದು ನಾಲ್ಕು ಮನೆ ದಾಟಿ ಬೇವಿನ ಗಿಡದ ಕೆಳಗೆ ನಿಂತಿತು. ಸಾವ್ಕಾರರು ಇಳಿದು, ಧೋತರದ ಚುಂಗು ಹಿಡಿದು, ಅಲ್ಲಿಂದ ವಾಪಸ್ಸು ನಡೆದು ಬಂದರು. ಹಿಂದೆ ಅವರ ಡ್ರೈವರು, ಕೆರೂರಿನ ಕಡೆಯ ನಡುವಯಸ್ಸಿನ ಸಾಧು ಮನುಷ್ಯ.

"ಬ್ರೇಕ್ ಒತ್ತಿದ್ರ ಹತ್ತಿ ಗಾದಿ ಮ್ಯಾಲ ಕಾಲಿಟ್ಟಂಗ ಆಗ್ತೈತ್ರಿ," ಎಂದ ಡ್ರೈವರು. "ಕಾಲು ಕೆಳಗ ಹೋಗ್ತೈತಿ, ಗಾಡಿ ಮುಂದ ಹೋಗ್ತೈತಿ."

"ಮತ್ತ ಇಷ್ಟು ದಿನ ಹೆಂಗ ನಿಲ್ಲಿಸಿದಿ?" ಎಂದು ನನ್ನ ಗಂಡ ಕೇಳಿದರು.

"ಅದನ್ನ ನನ್ನ ಕೇಳ್ರಿ," ಎಂದು ಸಾವ್ಕಾರರು ಕಟ್ಟೆಯ ಮೇಲೆ ಕುಳಿತರು. "ನಮ್ಮ ಅಂಗಡಿ ಮುಂದ ನಿಲ್ಲಬೇಕಂದ್ರ ಇಂವ ಬಸ್‌ಸ್ಟ್ಯಾಂಡಿನಿಂದ ಒತ್ತಾಕ ಶುರು ಮಾಡ್ತಾನ. ನಿಂತ್ರ ಅಂಗಡಿ. ಇಲ್ಲಂದ್ರ ಅದರಾಚೆ ನಮ್ಮ ಬೀಗರ ಮನಿ. ಬಾಗಿಲಿಗೆ ಹೋಗಿ ಇಳೀದಂಗ ಬಂದ್ರ ಚಂದ ಕಾಣ್ತೈತೇನ್ರಿ? ಮೊದಲ ನಾಕ ದಿನ 'ಏನ್ ಬಂದ್ರಿ ಬೀಗರ' ಅಂತ ಕೇಳಿದ್ರು. ಈಗ ಕೇಳೂದ ಬಿಟ್ಟಾರ. ಹಾರ್ನ್ ಕೇಳಿದ ಕೂಡ್ಲೆ ಚಹಾಕ್ಕ ಇಡ್ತಾರ."

ಬಾಗಲಕೋಟೆಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ರಿಪೇರಿ ಮಾಡಿಸಿ ತಂದಿದ್ದರಂತೆ. ಎರಡು ಸಲವೂ ಎಂಟೇ ದಿನದಲ್ಲಿ ಬ್ರೇಕು ಮತ್ತೆ ಮೆತ್ತಗಾಗಿತ್ತು.

"ಇದೊಂದು ಸರಿ ಮಾಡಿದ್ರ ನಮ್ಮ ಎರಡು ಜೀಪು, ಲಾರಿ, ಎಲ್ಲಾ ನಿಮ್ಮ ಹಂತೇಕನ ಬರ್ತಾವು," ಎಂದರು ಸಾವ್ಕಾರರು. ನಾನು ಬಾಗಿಲ ಹಿಂದೆ ನಿಂತು ಆಗಲೇ ಎರಡು ಜೀಪು, ಒಂದು ಲಾರಿ ನಿಲ್ಲಿಸಲು ಜಾಗ ನೋಡತೊಡಗಿದೆ.

ಏಳುವಾಗ ಅವರು ದನಿ ತಗ್ಗಿಸಿದರು. "ಸ್ವಲ್ಪ ಲಗೂನ ಮಾಡ್ರಿ. ಡಾಕ್ಟರು ನನಗ ಸಕ್ಕರಿ ಬಿಡು ಅಂದಾರ. ಈ ಬ್ರೇಕ್ ಇರೂತನಕ ಹೆಂಗ ಬಿಡ್ಲಿ?"

ಕನ್ಯೆ ನೋಡಿದ ಕಾಲು

ನನ್ನ ಗಂಡನ ಕೆಲಸ ನೋಡುವುದು ಒಂದು ಸುಖ. ಅವರೆದುರಿಗೆ ಇದನ್ನು ಹೇಳುವುದಿಲ್ಲ, ತಲೆ ತಗಡಿಗೆ ಬಡಿದೀತು. ಬೇರೆಯವರು ಗಾಡಿ ಬಂದ ಕೂಡಲೇ ಸುತ್ತಿಗೆ ಹುಡುಕುತ್ತಾರೆ. ಇವರು ಮೊದಲು ಕೈ ಕಟ್ಟಿಕೊಂಡು ಕಾರಿನ ಸುತ್ತ ಎರಡು ಸಲ ತಿರುಗುತ್ತಾರೆ. ನಾಲ್ಕೂ ಗಾಲಿ ಬಿಚ್ಚಿ, ಒಳಗೆ ಬೆರಳಾಡಿಸಿ, ಎಲ್ಲಾದರೂ ಬ್ರೇಕಿನ ಎಣ್ಣೆ ಸೋರಿದೆಯೇ ಎಂದು ನೋಡಿದರು. ಒಂದು ಹನಿಯೂ ಇರಲಿಲ್ಲ.

ಇನ್ನು ಉಳಿದದ್ದು ಗಾಳಿ. ಬ್ರೇಕಿನ ಎಣ್ಣೆಯ ನಳಿಕೆಯೊಳಗೆ ಗಾಳಿ ಸೇರಿದರೂ ಪೆಡಲು ಮೆತ್ತಗಾಗುತ್ತದಂತೆ. ಅದನ್ನು ಹೊರಗೆ ಹಾಕಲು ಇಬ್ಬರು ಬೇಕು. ಒಬ್ಬರು ಕಾರಿನೊಳಗೆ ಕುಳಿತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹಿಂದಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆ ಹೊರಗೆ ಬಂದ ಮೇಲೆ ಬಿಗಿಯಬೇಕು. ಕೆಲಸದ ಆಳು ಇಟ್ಟುಕೊಳ್ಳುವ ತಾಕತ್ತು ನಮಗಿರಲಿಲ್ಲ. ಹತ್ತನೇ ಇಯತ್ತೆ ಪಾಸಾದ ಹೆಂಡತಿ ಇದ್ದಳು.

ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಸಾವ್ಕಾರರ ಕಾರಿನಲ್ಲಿ ಡ್ರೈವರಿನ ಜಾಗದಲ್ಲಿ ಕುಳಿತೆ. ಮೊದಲ ಸಲ ಕಾರಿನಲ್ಲಿ ಕುಳಿತದ್ದು, ಅದಕ್ಕೆ ಗಾಲಿಯೇ ಇರಲಿಲ್ಲ.

"ಒತ್ತು!" ಎಂದು ಕೆಳಗಿನಿಂದ ಕೂಗಿದರು. ಒತ್ತಿದೆ. "ಹಿಡಿ!" ಹಿಡಿದೆ. ಮಗ ಹಾಲಿಗೆ ಅಳತೊಡಗಿದ. ಸೆರಗು ಮರೆ ಮಾಡಿ ಅವನಿಗೆ ಹಾಲೂ ಕೊಟ್ಟೆ, ಪೆಡಲೂ ಹಿಡಿದೆ.

"ಹಿಡಿ ಅಂದ್ರ ಯಾಕ ಬಿಟ್ಟಿ?"

"ಬಿಟ್ಟಿಲ್ರಿ. ತಾನ ಇಳ್ಯಾಕತ್ತೈತಿ."

"ತಾನ ಹೆಂಗ ಇಳೀತೈತಿ? ನಿನ್ನ ಕಾಲಾಗ ಕಸುವಿಲ್ಲ."

"ನನ್ನ ಕಾಲಿನ ಮ್ಯಾಲ ಸಂಶೇ ಇದ್ರ ಕನ್ಯಾ ನೋಡಾಕ ಬಂದಾಗ ಹೇಳಬೇಕಿತ್ತು. ಆವತ್ತು ನಿಮ್ಮ ಮಂದಿ ಮುಂದ ಎರಡ ಸಲ ನಡದು ತೋರಿಸೇನಿ!"

ಅವರು ತೆವಳಿಕೊಂಡು ಹೊರಗೆ ಬಂದರು. ಸ್ಕ್ರೂ ಬಿಗಿದು, ತಾವೇ ಕುಳಿತು, ಪೆಡಲಿನ ಮೇಲೆ ಕಾಲಿಟ್ಟು ಮಿಸುಕದೆ ಹಿಡಿದರು. ಮೊದಲು ಗಟ್ಟಿಯಾಗಿ ನಿಂತ ಪೆಡಲು ಮೆಲ್ಲಗೆ, ನಿದ್ದೆ ಬಂದವರ ಕಣ್ಣಿನ ಹಾಗೆ, ನೆಲದ ತನಕ ಇಳಿಯಿತು. ಹೊರಗೆ ಎಲ್ಲಿಯೂ ಸೋರಿಲ್ಲ, ಆದರೂ ಇಳಿಯುತ್ತದೆ ಎಂದರೆ ಎಣ್ಣೆ ಒಳಗೇ ಹಿಂದಕ್ಕೆ ಜಾರುತ್ತಿದೆ. ಪೆಡಲಿನ ಮುಂದಿರುವ ದೊಡ್ಡ ಪಂಪಿನ ರಬ್ಬರು ಕೆಟ್ಟಿದೆ.

"ನೀ ಹೇಳಿದ್ದು ಖರೆ," ಎಂದರು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ ಆ ಮಾತು ಕೇಳಿದೆ. ಇನ್ನೊಮ್ಮೆ ಹೇಳಿರಿ ಎಂದೆ. ಅಷ್ಟರಲ್ಲಿ ಅವರು ಕಾರಿನ ಕೆಳಗೆ ಹೋಗಿಬಿಟ್ಟಿದ್ದರು.

ಎರಡು ಕಪ್ಪು

ಪಂಪಿಗೆ ಹೊಸ ರಬ್ಬರು ಬಿತ್ತು. ಪೆಡಲು ಕಲ್ಲಿನಂತಾಯಿತು. ಸಾವ್ಕಾರರು ಅಂಗಡಿಯ ಮುಂದೆಯೇ ಇಳಿದು ಒಂದು ವಾರ ಸಕ್ಕರೆ ಬಿಟ್ಟರು. ಎಂಟನೆಯ ದಿನ ಕಾರು ಮತ್ತೆ ಬೇವಿನ ಗಿಡದ ಕೆಳಗೆ ನಿಂತಿತು.

ನನ್ನ ಗಂಡ ಪಂಪು ಬಿಚ್ಚಿ ರಬ್ಬರು ತೆಗೆದರು. ವಾರದ ಹಿಂದೆ ಹಾಕಿದ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮಧ್ಯಾಹ್ನದ ತನಕ ಕುಳಿತರು, ಊಟಕ್ಕೂ ಏಳಲಿಲ್ಲ. ಮೂರು ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಬಾಯಿ ಬಡುಕಿ ಎಂದು ಹೆಸರಾದ ನಾನು ಕೂಡ ಸುಮ್ಮನೆ ರೊಟ್ಟಿ ಮುಚ್ಚಿಟ್ಟೆ.

ಕಟ್ಟೆಯ ಮೇಲೆ, ಬ್ರೇಕಿನಿಂದ ಹಳೆಯ ಎಣ್ಣೆ ಬಸಿದ ಗಾಜಿನ ಬಾಟಲಿ ಇತ್ತು. ಎತ್ತಿಡಲು ಹೋದವಳು ನೋಡಿದೆ. ಒಳಗೆ ಎರಡು ಪದರು. ಮೇಲಿನದು ಹಳದಿ. ಬಿರಡೆ ತೆಗೆದು ಮೂಸಿದೆ.

"ಏನ್ರಿ, ಇದರಾಗ ಕುಸುಬಿ ಎಣ್ಣಿ ಐತಿ."

"ಏನರೆ ಮಾತಾಡಬ್ಯಾಡ."

"ದಿನಾ ಎರಡ ಹೊತ್ತು ಒಗ್ಗರಣಿ ಹಾಕೂ ಮೂಗ್ರಿ ಇದು. ಸಾಸಿವಿ ಒಂದ ಕಡಿಮಿ."

ಕಟ್ಟೆಯ ತುದಿಗೆ ಕುಳಿತಿದ್ದ ಡ್ರೈವರು ತಲೆ ಕೆಳಗೆ ಹಾಕಿದ. ಬ್ರೇಕಿನ ಎಣ್ಣೆಯ ಡಬ್ಬಿಯಲ್ಲಿ ಬೆರಳಷ್ಟು ಕಡಿಮೆ ಕಂಡರೂ ಸಾಕು, ವಾರಕ್ಕೊಮ್ಮೆ ತುಂಬುತ್ತಿದ್ದನಂತೆ.

"ಪ್ಯಾಟಿ ಎಣ್ಣಿ ಕಲಬೆರಕಿ ಇರ್ತೈತ್ರಿ," ಎಂದ. "ಇದು ನಮ್ಮ ಹೊಲದ ಕುಸುಬಿ. ಗಾಣದಾಗ ನನ್ನ ಕಣ್ಣ ಮುಂದ ತೆಗಿಸಿದ್ದು. ಸಾವ್ಕಾರ್ರ ಜೀವ ಅದರ ಮ್ಯಾಲ ಐತಲ್ರಿ, ಅದಕ್ಕ ಮನಿಯಾಗ ಉಣ್ಣೂದ್ನ ತಂದು ಹಾಕಿದೆ."

ನಾನಾಗಿದ್ದರೆ ಅವನಿಗೆ ಅಲ್ಲಿಯೇ ಒಗ್ಗರಣೆ ಹಾಕುತ್ತಿದ್ದೆ. ನನ್ನ ಗಂಡ ಬೈಯಲಿಲ್ಲ. ಒಳಗಿನಿಂದ ಎರಡು ಚಹದ ಕಪ್ಪು ತರಿಸಿದರು. ಒಂದರಲ್ಲಿ ಬ್ರೇಕಿನ ಎಣ್ಣೆ, ಇನ್ನೊಂದರಲ್ಲಿ ಕುಸುಬಿ ಎಣ್ಣೆ ಹಾಕಿ, ಎರಡರಲ್ಲಿಯೂ ಒಂದೊಂದು ಹೊಸ ರಬ್ಬರು ಬಿಟ್ಟು, ಎರಡು ದಿನ ಬಿಟ್ಟು ಬಾ ಎಂದರು. ಅಷ್ಟರೊಳಗೆ ತಾವು ಪಂಪು, ನಳಿಕೆ, ಗಾಲಿಯೊಳಗಿನ ಭಾಗ ಎಲ್ಲವನ್ನೂ ಸ್ಪಿರಿಟ್ಟಿನಿಂದ ತೊಳೆದು, ಇದ್ದಬದ್ದ ರಬ್ಬರನ್ನೆಲ್ಲ ಬದಲಿಸಿದರು. ನಾನು ಒತ್ತಿದೆ, ಹಿಡಿದೆ, ಬಿಟ್ಟೆ. ಈ ಸಲ ಪೆಡಲು ಇಳಿಯಲಿಲ್ಲ.

ಡ್ರೈವರು ಬಂದು ಎರಡೂ ಕಪ್ಪು ನೋಡಿದ. ಒಂದರಲ್ಲಿ ರಬ್ಬರು ಹಾಕಿದ ಹಾಗೆಯೇ ಇತ್ತು, ಇನ್ನೊಂದರಲ್ಲಿ ಉಬ್ಬಿ ಮೆತ್ತಗಾಗಿತ್ತು. ಬಹಳ ಹೊತ್ತು ವಿಚಾರ ಮಾಡಿ, ಬೇಸರದಿಂದ ಹೇಳಿದ: "ಅಂದ್ರ ಕಾರಿಗೆ ಶುದ್ಧದ್ದು ಸೇರೂದಿಲ್ಲನ್ರಿ. ಪ್ಯಾಟ್ಯಾಗ ಹುಟ್ಟಿದ್ದು, ಪಾಪ."

ಹುನಗುಂದದ ಹಾದಿಯಲ್ಲಿ

ನಾವು ಇಳಕಲ್ಲಿನಲ್ಲಿ ಉಳಿದದ್ದು ಒಂದು ಕುರಿ ಹಿಂಡಿನಿಂದ. ನಮ್ಮನ್ನು ಕರೆದೊಯ್ಯಲು ಬಂದ ಭಾವ ಅದೇ ಬಸ್ಸಿಗೆ ಒಬ್ಬರೇ ಹೊರಳಿ ಹೋದದ್ದೂ, ಮರುದಿನವೇ ಸಾವ್ಕಾರರ ಎರಡೂ ಜೀಪು ನಮ್ಮ ತಗಡಿನ ಮುಂದೆ ನಿಂತದ್ದೂ ಅದರಿಂದಲೇ.

ಮೂರು ತಿಂಗಳು ತುಂಬಿದ ದಿನ ಭಾವ ಖಾಲಿ ಟ್ರಂಕು ಹಿಡಿದುಕೊಂಡೇ ಬಂದಿದ್ದರು, ನಮ್ಮ ಪಾತ್ರೆ ಪಗಡೆ ಒಯ್ಯಲು. ಅದೇ ಹೊತ್ತಿಗೆ ಸಾವ್ಕಾರರೂ ಬಂದರು. ಎರಡು ಊರಿನಲ್ಲಿ ಮೋಸಹೋದವರು, ಬಾಯಿಮಾತು ನಂಬಲಿಲ್ಲ.

"ಬ್ರೇಕ್ ಗಟ್ಟಿ ಆಗೇತಿ ಅಂತೀರಿ. ಹಂಗಾರ ನಿಮ್ಮ ಮನಿಯವರ್ನ ಕೂಡಿಸಿಕೊಂಡು ಹುನಗುಂದದ ಹಾದ್ಯಾಗ ಇಳಿಜಾರು ಇಳಿಸ್ರಿ ನೋಡೂಣು."

ನಾನು ಮಗನನ್ನು ಎತ್ತಿಕೊಂಡು ಸೀದಾ ಮುಂದಿನ ಸೀಟಿನಲ್ಲಿ ಕುಳಿತೆ. ಧೈರ್ಯವೇನಲ್ಲ. ಆ ಪೆಡಲಿನ ಗುಣ ನನ್ನ ಬಲಗಾಲಿಗೆ ಗೊತ್ತಿತ್ತು, ಗಂಡನ ಕೈಗುಣ ನನಗೆ ಗೊತ್ತಿತ್ತು. ಭಾವ ಮಾತ್ರ ಟ್ರಂಕು ಅಪ್ಪಿಕೊಂಡು, "ನನಗ ಬಸ್ಸಿಗೆ ಹೊತ್ತಾತು," ಎಂದರು.

"ನೀವೂ ಮನಿಯವರ ಅಲ್ಲೇನ್ರಿ? ಹತ್ರಿ," ಎಂದು ಸಾವ್ಕಾರರು ಅವರ ಕೈ ಹಿಡಿದು ಹಿಂದೆ ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು.

ಇಳಿಜಾರು ಸುರುವಾದಾಗ ಕಾರು ಜೋರು ಹಿಡಿಯಿತು. ಹಿಂದಿನಿಂದ ಭಾವನ ಬಾಯಲ್ಲಿ ಬನಶಂಕರಿಯ ಹೆಸರು ಕೇಳತೊಡಗಿತು. ಕೆಳಗೆ ರಸ್ತೆಯ ತುಂಬ ಕುರಿ. ಕಂಬಳಿ ಹೊದ್ದ ಮುದುಕ ಕುರುಬ ತಿರುಗಿ ನೋಡಿದವನು, ಕರಿ ಕಾರಿನ ಗುರುತು ಹತ್ತಿದ ಕೂಡಲೇ ಕಂಬಳಿ ಬೀಸುತ್ತ, "ಹ್ರೋ! ಹ್ರೋ! ಸಾವ್ಕಾರ್ರು ಬಂದ್ರೋ!" ಎಂದು ಕಿರುಚುತ್ತ, ಕುರಿಗಳನ್ನು ಹೊಲಕ್ಕೆ ಅಟ್ಟತೊಡಗಿದ. ಒಂದು ಮರಿ ಮಾತ್ರ ನಡುರಸ್ತೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು.

ನನ್ನ ಗಂಡ ಒಂದೇ ಸಲ ಒತ್ತಿದರು. ಕಾರು ಆ ಮರಿಯಿಂದ ಹತ್ತು ಮಾರು ಈಚೆಗೇ, ಮಗನ ನಿದ್ದೆ ಸಹ ಕೆಡದ ಹಾಗೆ, ನೆಟ್ಟಗೆ ನಿಂತಿತು. ನಾನು ಗಂಡನ ಮುಖ ನೋಡಿದೆ. ಕಿವಿಯ ತನಕ ಕೆಂಪಾಗಿದ್ದರು, ನೋಟ ಮಾತ್ರ ಮರಿಯ ಮೇಲೆ.

ಹೊಲದೊಳಗಿನಿಂದ ಕುರುಬ ಓಡಿ ಬಂದ. ಕಾರಿನ ಮುಂದೆ ನೋಡಿದ, ಹಿಂದೆ ನೋಡಿದ. ಆಮೇಲೆ ಹಿಂದಿನ ಕಿಟಕಿಯೊಳಗೆ ತಲೆ ಹಾಕಿ, ಬಹಳ ಕಾಳಜಿಯಿಂದ ಕೇಳಿದ:

"ಯಾಕ್ರಿ ಸಾವ್ಕಾರ್ರ, ಗಾಡಿ ಕೆಟ್ಟತೇನ್ರಿ? ನಿಂತಬಿಟ್ಟೈತಲ್ಲ! ನೂಕಾಕ ನಾಕ ಮಂದೀನ ಕರೀಲೇನು?"