ಮೂಲವಿಲ್ಲದ ಕತೆ

ಅವನ ಕತೆಗೆ ಮೂಲ ಇರಲಿಲ್ಲ.

ಆ ಹಿಂದಿ ಚಿತ್ರ ಕಂಪನಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಕತೆ ಹೇಳಲು ಬಂದವನು ಅದನ್ನು ಯಾವ ವಿದೇಶಿ ಚಿತ್ರದಿಂದ ಎತ್ತಿದ್ದೋ ಅದರ ಡಿಸ್ಕನ್ನು ಮೊದಲು ಧಣಿಯ ಮೇಜಿನ ಮೇಲಿಡಬೇಕು, ಆಮೇಲೆ ಬಾಯಿ ತೆರೆಯಬೇಕು. ಹೊರದೇಶದಲ್ಲಿ ಓಡಿದ ಚಿತ್ರ ಇಲ್ಲಿ ಕುಂಟಿಕೊಂಡಾದರೂ ನೂರು ದಿನ ನಡೆದೀತು ಎಂಬುದು ಧಣಿಯ ನಂಬಿಕೆ. ಎಲ್ಲೂ ಓಡದ ಕತೆಯನ್ನು ನಂಬುವುದು ಹೇಗೆ?

ಸಹಾಯಕ ಲೇಖಕನಾಗಿ ಅವನು ಹನ್ನೊಂದು ವರ್ಷ ಡಿಸ್ಕು ನೋಡಿ, ನಿಲ್ಲಿಸಿ, ಬರೆದುಕೊಂಡು, ಮತ್ತೆ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದ. ಆ ಕೆಲಸವನ್ನು ಕೀಳೆಂದು ತಿಳಿದವನಲ್ಲ. ಕಥಾವಿಭಾಗದ ಮುಖ್ಯಸ್ಥರಾದ ಗುರುಗಳ ಕೈಚಳಕ ಕಂಡವರು ಯಾರೂ ಹಾಗೆ ತಿಳಿಯಲಾರರು. ವಿದೇಶದ ಮಂಜಿನೂರಿನ ಒಂಟಿ ಪತ್ತೇದಾರನನ್ನು ಅವರು ಸಂಜೆಯೊಳಗೆ ನಾಲ್ವರು ತಂಗಿಯರ ಅಣ್ಣನನ್ನಾಗಿ ಮಾಡಿ, ಆರು ಹಾಡು ಹಾಡಿಸಿ, ಹೆತ್ತವರಿಗೂ ಗುರುತು ಸಿಗದಂತೆ ಕಳಿಸಿಕೊಡುತ್ತಿದ್ದರು. ಹಳೇ ಕೋಟು ಬಿಚ್ಚಿ ಮಕ್ಕಳಿಗೆ ಅಂಗಿ ಹೊಲಿಯುವ ದರ್ಜಿಯ ಹಾಗೆ. ಎಲ್ಲಿ ಬಿಚ್ಚಿದ್ದು, ಎಲ್ಲಿ ಹೊಲಿದದ್ದು ಒಂದೂ ಕಾಣುತ್ತಿರಲಿಲ್ಲ.

ಆದರೂ ಪರದೆಯ ಮೇಲೆ 'ಕತೆ' ಎಂಬ ಪದದ ಕೆಳಗೆ ಒಮ್ಮೆಯಾದರೂ ತನ್ನ ಹೆಸರು ಬರಬೇಕೆಂಬ ಆಸೆ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೆಂದೇ ಹೆತ್ತ ಅಪ್ಪನನ್ನು ತೊಂಬತ್ತೆರಡು ಪುಟದ ಕತೆ ಮಾಡಿದ್ದ. ಅಪ್ಪ ಲಿಫ್ಟ್ ರಿಪೇರಿಯವರು. ದೊಡ್ಡಪ್ಪನ ಜೊತೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದವರು. ಒಂದು ದಿನ ಇಬ್ಬರೂ ಒಂದೇ ಲಿಫ್ಟಿನಲ್ಲಿ ಸಿಕ್ಕಿಬಿದ್ದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತದೆ ಹೊರಬರುವ ದಾರಿ ಇರಲಿಲ್ಲ.

ಡಿಸ್ಕು ಹಿಂದೆಯೇ ಬರುತ್ತಿದೆ ಎಂದು ಸುಳ್ಳು ಹೇಳಿ ಅವನು ಒಂದು ಬೆಳಿಗ್ಗೆ ಧಣಿಯ ಕೋಣೆಯಲ್ಲಿ, ಗುರುಗಳ ಎದುರೇ ಕತೆ ಶುರುಮಾಡಿದ. ಮುಗಿಯುವಷ್ಟರಲ್ಲಿ, ಒರಗಿ ಕೂತಿದ್ದ ಧಣಿ ನೆಟ್ಟಗಾಗಿದ್ದರು.

"ಚೆನ್ನಾಗಿದೆ ಕಣಯ್ಯ. ಎಲ್ಲಿಂದ ಎತ್ತಿದೆ?"

ನಿಜ ಹೇಳಿಬಿಡಿ ಎಂದು ಮನೆಯಲ್ಲಿ ಹೆಂಡತಿ ಹತ್ತು ಸಲ ಹೇಳಿ ಕಳಿಸಿದ್ದಳು. ಧಣಿಯ ಹುಬ್ಬು ಮೇಲೇರುವುದನ್ನು ಕಂಡು ಅವನ ಧೈರ್ಯ ಕೆಳಗಿಳಿಯಿತು.

"ಒಂದು ಹಿಮದ ದೇಶದ್ದು ಸಾರ್. ತುಂಬಾ ಹಳೇದು. ಕಪ್ಪುಬಿಳುಪು."

ಗುರುಗಳು ಕಣ್ಣು ಮುಚ್ಚಿ, "ನೋಡಿದೀನಿ," ಎಂದರು. ಯಾವುದೇ ಚಿತ್ರವನ್ನು ನೋಡಿಲ್ಲ ಎಂದು ಒಪ್ಪಿಕೊಂಡ ಚರಿತ್ರೆ ಅವರದಲ್ಲ. ಗುರುಗಳೇ ನೋಡಿದ ಮೇಲೆ 'ಕತ್ತರಿ' ಎಂಬ ಅಡ್ಡಹೆಸರಿನ ಸಂಕಲನಕಾರ ಹಿಂದೆ ಬಿದ್ದಾನೆಯೆ? ತಾನು ಎರಡು ಸಲ ನೋಡಿರುವುದಾಗಿಯೂ, ಕೊನೆಗೆ ಅಣ್ಣ ಲಿಫ್ಟಿನಲ್ಲೇ ಸಾಯುವುದಾಗಿಯೂ ಹೇಳಿದ.

"ಸಾಯಲ್ಲ ಮಾರಾಯ, ಮೂರ್ಛೆ ಹೋಗ್ತಾನೆ. ನೀನು ನೋಡಿರೋದು ಹರಿದ ಪ್ರಿಂಟು."

"ನನ್ನ ಪ್ರಿಂಟಲ್ಲಿ ಹೆಣ ಹೊರಗೆ ತರೋವರೆಗೂ ಇದೆ, ಗುರುಗಳೇ."

ಜಗಳ ಹತ್ತಿಕೊಂಡಿತು. ತಮ್ಮನಾದವನು ಅಣ್ಣನ ಹೆಗಲೇರುವ ಮುಂಚೆ ಕತ್ತಲಲ್ಲಿ ಬೂಟು ಬಿಚ್ಚುತ್ತಾನೆ, ಇಪ್ಪತ್ತು ವರ್ಷದಲ್ಲಿ ಅವನು ಅಣ್ಣನಿಗೆ ತೋರಿಸಿದ ಮೊದಲ ಮರ್ಯಾದೆ ಅದು, ಆ ಲೇಸಿನ ಗಂಟು ಬಿಚ್ಚಲು ಬಾರದೆ ಬೆರಳು ತಡಕಾಡುವುದನ್ನು ನಿರ್ದೇಶಕ ಒಂದು ನಿಮಿಷ ತೋರಿಸುತ್ತಾನೆ ಎಂದು ಗುರುಗಳು ವಾದಿಸಿದರು. ಹೇಳುತ್ತ ತಾವೇ ಬಗ್ಗಿ ಇಲ್ಲದ ಲೇಸನ್ನು ಬಿಚ್ಚಿ ತೋರಿಸಿದರು.

ಸಹಾಯಕನ ತೊಂಬತ್ತೆರಡು ಪುಟದಲ್ಲಿ ಎಲ್ಲೂ ಬೂಟಿರಲಿಲ್ಲ. ಅವನು ಮೆಲ್ಲಗೆ ಪೆನ್ನು ತೆಗೆದು ಅಂಚಿನಲ್ಲಿ ಬರೆದುಕೊಂಡ. ಯಾರೂ ತೆಗೆಯದ ಚಿತ್ರದಿಂದ ಇಂಥದ್ದನ್ನು ಹೆಕ್ಕಿ ತರುವ ಮನುಷ್ಯ ಮೂವತ್ತು ವರ್ಷ ಪರರ ಚಿತ್ರ ಕೈಗೆತ್ತಿಕೊಳ್ಳದೆ ಇದ್ದಿದ್ದರೆ ಏನೇನು ಬರೆಯುತ್ತಿದ್ದರೋ! ಅರ್ಧ ಗಂಟೆಯಲ್ಲಿ ಆ ಚಿತ್ರವನ್ನು ಒಮ್ಮೆ ನೋಡಬೇಕೆಂದು ಅವನಿಗೇ ಆಸೆಯಾಯಿತು.

ಧಣಿಗೂ ಆಸೆಯಾಯಿತು. ಬೀದಿ ಕೊನೆಯ ಡಿಸ್ಕ್ ಅಂಗಡಿಗೆ ಫೋನು ಹೋಯಿತು. ಆ ಅಂಗಡಿಯವನ ಬಾಯಲ್ಲಿ ಇಲ್ಲ ಎಂಬ ಮಾತು ಬಂದದ್ದೇ ಇಲ್ಲ. ಲಿಫ್ಟಿನ ಚಿತ್ರ ತಾನೇ, ಒಂದೇ ಒಂದು ಇತ್ತು, ಬೆಳಿಗ್ಗೆಯಷ್ಟೇ ನಿಮ್ಮ ಎದುರು ಕಂಪನಿಯವರು ಒಯ್ದರು ಎಂದುಬಿಟ್ಟ.

ಧಣಿಯ ಮುಖ ಗಾಳಿ ಹೋದ ಟೈರಿನಂತಾಯಿತು. ಕೂಡಲೇ ಎದುರು ಕಂಪನಿಯ ಧಣಿಗೆ ಫೋನು ಮಾಡಿ, ಆ ಲಿಫ್ಟಿನ ಕತೆ ನೀವು ಮಾಡುತ್ತಿದ್ದೀರಾ ಎಂದು ಕೇಳಿದರು. ಇವರಿಗೆ ಗೊತ್ತಿರುವ ಚಿತ್ರ ತನಗೆ ಗೊತ್ತಿಲ್ಲ ಎನ್ನಲು ಆ ಧಣಿಗೆ ಮನಸ್ಸು ಬರಲಿಲ್ಲ. ಅರ್ಧ ಶೂಟಿಂಗ್ ಮುಗಿದೇ ಹೋಗಿದೆ ಎಂದರು.

ಧಣಿ ಕತೆಯ ಕಟ್ಟನ್ನು ಪಕ್ಕಕ್ಕೆ ತಳ್ಳಿದರು. ಇನ್ನು ಸುಮ್ಮನಿದ್ದರೆ ಎಲ್ಲ ಕೈತಪ್ಪಿದಂತೆಯೇ ಎಂದು ಸಹಾಯಕ ಎದ್ದು ನಿಂತ.

"ಅಂಥ ಪಿಕ್ಚರೇ ಇಲ್ಲ ಸಾರ್. ಇದು ನನ್ನ ಸ್ವಂತ ಕತೆ. ನಮ್ಮಪ್ಪಂದು."

ಕತ್ತರಿ ಕಿಟಕಿಯ ಕಡೆ ನೋಡಿದ. ಧಣಿ ಗುರುಗಳ ಕಡೆ ನೋಡಿದರು.

"ಇಬ್ಬರು ನೋಡಿದ್ದಾರೆ, ಒಬ್ಬ ಮಾರಿದಾನೆ, ಇನ್ನೊಬ್ಬ ಅರ್ಧ ತೆಗೆದಿದಾನೆ. ನಿಮ್ಮಪ್ಪಂದು ಅಂತೀಯಲ್ಲೋ?"

ಗುರುಗಳು ಬೈಯಲಿಲ್ಲ. ನೊಂದುಕೊಂಡೇ ಹೇಳಿದರು: "ನಾವೆಲ್ಲ ಕದ್ದೋರೇ ಕಣಪ್ಪ. ಆದ್ರೆ ಕದ್ದಿದ್ದನ್ನ ನಂದು ಅಂತ ಈ ಕೋಣೆ ಒಳಗೆ ಯಾರೂ ಯಾವತ್ತೂ ಹೇಳಿಲ್ಲ."

ಅಪ್ರಾಮಾಣಿಕತೆಗಾಗಿ ಅವನನ್ನು ಆಗಲೇ ಕೆಲಸದಿಂದ ತೆಗೆದರು.

ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದರೆ, ಸುದ್ದಿ ಅವನಿಗಿಂತ ಮೊದಲೇ ಬೀದಿ ದಾಟಿತ್ತು; ಎದುರು ಕಂಪನಿಯ ಧಣಿ ಖುದ್ದು ತಮ್ಮ ಗೇಟಿನಲ್ಲಿ ಕಾಯುತ್ತಿದ್ದರು. ಅರ್ಧ ಮುಗಿದಿದೆ ಎಂದವರಿಗೆ ಈಗ ಕತೆಯೇನೆಂದು ತುರ್ತಾಗಿ ತಿಳಿಯಬೇಕಿತ್ತು. ಒಳಗೆ ಕರೆದೊಯ್ದು ಕೂರಿಸಿದರು. ಅವನು ಬೂಟಿನ ಲೇಸು ಸಮೇತ ಎಲ್ಲ ಹೇಳಿದ. ಆ ಧಣಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಾಳೆಯಿಂದಲೇ ಶೂಟಿಂಗ್ ಎಂದು ಕಟ್ಟನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು. ನೌಕರಿಯ ಮಾತೆತ್ತಿದರೆ, ಕಥಾವಿಭಾಗದಲ್ಲಿ ಜಾಗ ಖಾಲಿ ಇಲ್ಲ ಎಂದರು.

ಹೋಗಲಿ, 'ಕತೆ' ಅಂತ ತನ್ನ ಹೆಸರಾದರೂ ಹಾಕಿ ಎಂದು ಅವನು ಅಂಗಲಾಚಿದ.

ಆ ಧಣಿಯ ಮುಖ ಕೆಂಪಾಯಿತು. "ಎದುರಿನವರ ಥರ ನಾನು ಕಳ್ಳ ಅಲ್ಲಪ್ಪ. ಇಂಥ ಪಿಕ್ಚರ್ ತೆಗೆದ ಮಹಾನುಭಾವನಿಗೆ ಮೋಸ ಮಾಡಲಾ? ಮೂಲ ಒಂದು ವಿದೇಶಿ ಚಿತ್ರ, ಅವರಿಗೆ ನಮ್ಮ ನಮಸ್ಕಾರ ಅಂತ ಪರದೆ ಮೇಲೆ ಮೊದಲನೇ ಕಾರ್ಡಲ್ಲೇ ಹಾಕ್ತೀನಿ."

ಆ ಬೀದಿಯಲ್ಲಿ ಅಂಥ ಕಾರ್ಡು ಅದೇ ಮೊದಲು. ಎಂಥ ದೊಡ್ಡ ಮನಸ್ಸು ಎಂದು ಅವನಿಗೂ ಒಂದು ಕ್ಷಣ ಅನ್ನಿಸದಿರಲಿಲ್ಲ.

ಸಂಜೆ ಐದರ ಬಸ್ಸು ಹತ್ತುವ ಹೊತ್ತಿಗೆ ಅವನು ಕಳೆದುಕೊಂಡದ್ದು ಇಷ್ಟು: ಒಂದು ನೌಕರಿ, ತೊಂಬತ್ತೆರಡು ಪುಟ, ಪರದೆಯ ಮೇಲೆ ತನ್ನ ಹೆಸರಿನ ಮೂರು ಸೆಕೆಂಡು.