ಖಾಲಿ ಹಾಳೆಗೆ ಕಮಲಾಪುರದ ಶಿಕ್ಕಾ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿತ್ತು. ಕಮಲಾಪುರದಲ್ಲಿ ಆಗ ಕೆಂಪು ಬಾಳೆಯ ತೋಟಗಳು ಬೇಕಾದಷ್ಟಿದ್ದವು, ಬುದ್ಧಿ ಹೇಳುವವರು ಅದಕ್ಕಿಂತ ಹೆಚ್ಚಿದ್ದರು, ಆದರೆ ಪಾಸ್‌ಪೋರ್ಟು ಇದ್ದದ್ದು ಒಂದೇ ಒಂದು. ಅದು ಅಡುಗೆಯ ಅಣವೀರಪ್ಪನದು. ಹೆಸರಿಗೆ ಅವನದು, ಹಾಗೆ ನೋಡಿದರೆ ಅದು ಇಡೀ ಊರಿನದು. ಅವನು ಊರಲ್ಲಿದ್ದಾಗ ಬೀಗರು ಬಂದರೆ ಮೊದಲು ನೀರು ಕೊಡುತ್ತಿದ್ದರು, ಆಮೇಲೆ ಅಣವೀರಪ್ಪನ ಬುಕ್ಕು ತರಿಸಿ ತೋರಿಸುತ್ತಿದ್ದರು.

ಅಣವೀರಪ್ಪ ಅರಬ್ಬೀ ಸಮುದ್ರದಾಚೆಯ ಏಡನ್ನಿನಲ್ಲಿ ಒಬ್ಬ ಗುಜರಾತಿ ಸೇಠ್ ಮನೆಯಲ್ಲಿ ಅಡುಗೆ ಮಾಡುತ್ತಿದ್ದ. ಇವನು ಮಾಡಿದ ತೊಗರಿಬೇಳೆ ತೊವ್ವೆ ಹೊಟ್ಟೆಗೆ ಬೀಳದಿದ್ದರೆ ಸೇಠನಿಗೆ ಅನ್ನ ಅರಗುತ್ತಿರಲಿಲ್ಲ. ಹೀಗಾಗಿ ಸೇಠ್ ವ್ಯಾಪಾರಕ್ಕೆಂದು ಬರ್ಬೆರಾಕ್ಕೆ ಹೋದರೆ ಅಣವೀರಪ್ಪನೂ ಬರ್ಬೆರಾಕ್ಕೆ, ಜಿಬೂತಿಗೆ ಹೋದರೆ ಜಿಬೂತಿಗೆ, ಮೊಂಬಾಸಾಕ್ಕೆ ಹೋದರೆ ಮೊಂಬಾಸಾಕ್ಕೆ. ಹಡಗಿನಿಂದ ಇಳಿದು ಒಂದು ಪಾತೇಲಿ ತೊವ್ವೆ ಮಾಡಿ ಮತ್ತೆ ಹಡಗು ಹತ್ತಿದರೂ ಬುಕ್ಕಿನಲ್ಲಿ ಇಳಿದದ್ದಕ್ಕೊಂದು ಮೊಹರಿನ ಶಿಕ್ಕಾ, ಹತ್ತಿದ್ದಕ್ಕೊಂದು ಶಿಕ್ಕಾ. ಐದು ವರ್ಷದಲ್ಲಿ ಬುಕ್ಕು ತುಂಬಿ, ಕೊನೆಗೆ ಎರಡೇ ಎರಡು ಹಾಳೆ ಖಾಲಿ ಉಳಿದಿದ್ದವು.

ಎರಡು ತಿಂಗಳ ರಜೆ ಮುಗಿದು ಅವನು ಹೊರಡುವ ದಿನ ಬಂತು. ಸೇಠನ ಪತ್ರ ಖಡಕ್ಕಾಗಿತ್ತು. ‘ಎರಡು ಹಾಳೆ ಜೋಪಾನ. ಖಾಲಿ ಹಾಳೆ ಇಲ್ಲದಿದ್ದರೆ ಏಡನ್ನಿನಲ್ಲಿ ಇಳಿಯಗೊಡುವುದಿಲ್ಲ. ಶನಿವಾರ ಬೊಂಬಾಯಿಯಿಂದ ಹೊರಡುವ ಹಡಗು ತಪ್ಪಿದರೆ ನೀನು ಬರುವುದೇ ಬೇಡ. ಸೂರತ್ತಿನ ಅಡುಗೆಯವನೊಬ್ಬ ದಿನಾ ಬಂದು ನನ್ನ ಬಾಗಿಲಲ್ಲಿ ಕೂಡುತ್ತಾನೆ.’

ಅವತ್ತು ಗುರುವಾರ. ಸಂಜೆ ಐದಕ್ಕೆ ಕಲಬುರಗಿಯಲ್ಲಿ ಬೊಂಬಾಯಿ ಗಾಡಿ. ಮುಂಜಾನೆ ಹೆಂಡತಿ ಜಯದೇವಿ ಟ್ರಂಕು ತುಂಬುತ್ತ ಮೆಲ್ಲಗೆ ಕೇಳಿದಳು.

“ಅಲ್ರಿ, ಆ ಬುಕ್ಕಿನ್ಯಾಗ ನಿಮ್ಮ ಫೋಟೋ ಅದ ಅಂತಲ್ಲ. ಒಂದ್ ಸಲ ತೋರಿಸ್ರಿ. ಮತ್ತ ಎರಡು ವರ್ಷ ನಿಮ್ಮ ಮಾರಿ ನೋಡಂಗಿಲ್ಲ ನಾ.”

“ಬ್ಯಾರೆ ಏನರ ಕೇಳು, ಅದೊಂದು ಕೇಳಬ್ಯಾಡ,” ಎಂದ ಅಣವೀರಪ್ಪ.

ಕಾರಣವಿತ್ತು. ಬೊಂಬಾಯಿಯ ಫೋಟೋದವನು ಅವನ ರುಮಾಲು ಬಿಚ್ಚಿಸಿ ಬರಿದಲೆಯಲ್ಲಿ ಕೂಡಿಸಿದ್ದ. ಕಣ್ಣು ಪಿಳುಕಿಸಬೇಡ ಎಂದು ಗದರಿಸಿದ್ದಕ್ಕೆ ಕಣ್ಣುಗುಡ್ಡೆಗಳೂ ಹೊರಗೆ ಬಂದಿದ್ದವು. ಮನೆಯಲ್ಲಿ ಸಾವಾದಾಗ ಬಿಟ್ಟರೆ ಮರ್ಯಾದಸ್ಥರು ಬರಿದಲೆಯಲ್ಲಿ ಅಂಗಳಕ್ಕೂ ಬರದ ಕಾಲ ಅದು. ಇನ್ನು ಬರಿದಲೆಯ ಫೋಟೋ ಊರ ಮಂದಿಯ ಕೈಗೆ ಸಿಕ್ಕರೆ ಗತಿಯೇನು? ಅದಕ್ಕೇ ಅವನು ಊರಿಗೆ ಬಂದ ದಿನವೇ ಸೂಜಿ-ದಾರ ಹಿಡಿದು ಮೊದಲ ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟಿದ್ದ. ನೋಡುವವರು ಶಿಕ್ಕಾಗಳನ್ನಷ್ಟೇ ನೋಡಬೇಕು, ಅಡುಗೆಯವನ ತಲೆ ನೋಡಬಾರದು.

ಅಷ್ಟರಲ್ಲಿ ಮಾಲಿಪಾಟೀಲ ಕಲ್ಯಾಣಪ್ಪಗೌಡರಿಂದ ಕರೆ ಬಂತು. ಊರಿನ ಹಿರಿಯರು, ಚಾವಡಿಯ ಯಜಮಾನರು. ಹೋಗುವ ಮುಂದೆ ಬುಕ್ಕು ತೆಗೆದುಕೊಂಡು ಚಾವಡಿಗೆ ಬಂದು ಹೋಗಬೇಕಂತೆ. ಇಲ್ಲ ಅನ್ನಲು ಅಣವೀರಪ್ಪನಿಗೆ ಬಾಯಿ ಬರಲಿಲ್ಲ. ಬಾಯಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಚಾವಡಿಯಲ್ಲಿ ಊರೇ ನೆರೆದಿತ್ತು. ಗೌಡರು ಅವನನ್ನು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು, ಬುಕ್ಕು ಕೈಗೆ ತೆಗೆದುಕೊಂಡರು, ಎತ್ತಿನ ಕೊರಳಿಗೂ ದೊಡ್ಡದಾಗುವಂಥ ಚೆಂಡುಹೂವಿನ ಮಾಲೆ ಹಾಕಿಸಿದರು. ಮಾಲೆ ರುಮಾಲಿಗೆ ಸಿಕ್ಕಿ ಕಣ್ಣಿಗೆ ಇಳಿಯಿತು. ಅಣವೀರಪ್ಪ ಅದನ್ನು ಬಿಡಿಸಿಕೊಳ್ಳುತ್ತಿದ್ದಾಗ ಹೂವಿನ ಆಚೆ ‘ಧಡ್’ ಎಂದು ಸಪ್ಪಳವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾಲೆ ಸರಿಸಿ ನೋಡಿದರೆ ಖಾಲಿ ಹಾಳೆಯ ನಟ್ಟನಡುವೆ ನೇರಳೆ ಬಣ್ಣದ ಗುಂಡನೆಯ ಶಿಕ್ಕಾ ಒದ್ದೆಯಾಗಿ ಹೊಳೆಯುತ್ತಿತ್ತು.

“ಗೌಡ್ರ! ಏನ್ ಮಾಡಿದ್ರಿ ಇದು?”

“ಆಯೇರಿ ಮಾಡೀವಿ,” ಎಂದರು ಗೌಡರು, ಮೀಸೆಯ ಮೇಲೆ ಕೈಯಾಡಿಸಿ. “ಮದಿವಿ ಮಗಳಿಗೆ ಊರು ಸೀರಿ-ಕುಬುಸದ ಆಯೇರಿ ಮಾಡ್ತದ. ಸಮುದ್ರ ದಾಟಿ ಹೋಗೋ ಮಗಗ ಮಾಡಬಾರದೇನು? ಬರ್ಬೆರಾದವ ಹೊಡದಾನ, ಜಿಬೂತಿಯವ ಹೊಡದಾನ, ನಾವು ಹೆಸರೂ ಕೇಳಲಾರದ ಊರಿನವರೆಲ್ಲಾ ಹೊಡದಾರ. ಹುಟ್ಟಿದ ಊರಿಂದೇ ಇಲ್ಲಂದ್ರ ಹ್ಯಾಂಗ? ಉರ್ದು ಶಿಕ್ಕಾ ಹೋಗಿ ಹೊಸಾದು ಮೊನ್ನೇನೇ ಮಾಡಿಸೀನಿ. ನೋಡು, ಕನ್ನಡದಾಗ ಅದ! ಇಡೀ ಬುಕ್ಕಿನ್ಯಾಗ ಕನ್ನಡದ್ದು ಇದೊಂದೇ!”

ಅಣವೀರಪ್ಪನಿಗೆ ಸಿಟ್ಟು ಗಂಟಲಿಗೆ ಬಂದಿತ್ತು. ಆದರೆ ‘ಕಮಲಾಪುರ’ ಎಂಬ ಐದು ದುಂಡನೆಯ ಅಕ್ಷರ ಕಣ್ಣಿಗೆ ಬಿದ್ದದ್ದೇ ತಡ, ಸಿಟ್ಟು ಅಲ್ಲೇ ಕರಗಿತು. ಎದೆ ಉಬ್ಬಿತು, ಕಣ್ಣು ತೇವವಾಯಿತು. ಇರಲಿ ಬಿಡು, ಇನ್ನೊಂದು ಹಾಳೆ ಇದೆಯಲ್ಲ ಎಂದುಕೊಂಡು ಕೈಮುಗಿದ. ಮುಗಿದ ಕೈ ಬಿಚ್ಚುವುದರೊಳಗೆ ಎರಡನೆಯ ‘ಧಡ್’ ಕೇಳಿತು.

ಈ ಸಲ ಕೊಂಡವಾಡದ ಮುನಶಿ ಸಲಾವುದ್ದೀನ್ ಸಾಹೇಬರು. ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುವುದು, ದಂಡ ಕಟ್ಟಿಸಿಕೊಂಡು ಬಿಡುವುದು ಅವರ ಕೆಲಸ. ಶಿಕ್ಕಾ ಹೊಡೆದದ್ದಲ್ಲದೆ, ಇಪ್ಪತ್ತು ವರ್ಷದ ರೂಢಿಯಂತೆ ಅದರ ಕೆಳಗೆ ‘ಒಂದು ರಾಸು, ಬಿಡುಗಡೆ’ ಎಂದು ಬರೆದು ಸಹಿಯನ್ನೂ ಮಾಡಿದ್ದರು.

“ಮುನಶೀ ಸಾಬ್, ಮುಳುಗಿಸಿದ್ರಲ್ರಿ!” ಅಣವೀರಪ್ಪ ನೆಲಕ್ಕೆ ಕೂತ. ಸೇಠನ ಪತ್ರದ ಸಂಗತಿ ಆಗ ಬಾಯಿಬಿಟ್ಟ.

ಸಲಾವುದ್ದೀನ್ ಸಾಹೇಬರ ಮುಖ ಇಳಿದುಹೋಯಿತು. “ಯಾ ಅಲ್ಲಾ, ಮೊದಲಽ ಹೇಳಬಾರದಿತ್ತೇನೋ ಭಾಯಿ? ಗೌಡ್ರು ಹೊಡದ್ರಲ್ಲ, ನಮ್ಮದೂ ಒಂದು ಪ್ರೀತಿ ಇರಲಿ ಅಂತ ಹೊಡದೆ.”

ಗೌಡರು ಮಾತ್ರ ಎದೆಗುಂದಲಿಲ್ಲ. “ಹಾಳಿ ಮುಗದ್ರ ಹಾಳಿ ಹಚ್ಚಿಸಬೇಕು, ಅಷ್ಟೇ ಹೌದಲ್ಲೋ? ಕಲಬುರ್ಗ್ಯಾಗ ಕಚೇರಿ ಅದ. ನಡೀರಿ, ನಾವೂ ಬರ್ತೀವಿ. ಊರಿನ ಕೆಲಸ ಇದು.”

ಹೀಗೆ ಒಬ್ಬನೇ ಹೊರಡಬೇಕಾಗಿದ್ದ ಅಣವೀರಪ್ಪನ ಹಿಂದೆ ಗೌಡರು, ಮುನಶಿ, ಸಾಲಿ ಮಾಸ್ತರ ಮಹಾದೇವಪ್ಪ, ಜಯದೇವಿ ಎಲ್ಲರೂ ಬಸ್ಸು ಹತ್ತಿದರು. ಸೇಠನಿಗೆಂದು ಕಟ್ಟಿದ ಕೆಂಪು ಬಾಳೆಯ ಗೊನೆಗೂ ಒಂದು ಸೀಟು ಸಿಕ್ಕಿತು, ಅಣವೀರಪ್ಪನಿಗೆ ಸಿಗಲಿಲ್ಲ.

ಬುಕ್ಕಿನ ಹಾಳೆ ಮುಗಿದರೆ ಏನು ಮಾಡಬೇಕೆಂದು ಬಸ್ಸಿನ ತುಂಬ ಚರ್ಚೆ ನಡೆಯಿತು. ಲಿಂಬೆರಸ ಹಚ್ಚಿ ಬಿಸಿಲಿಗಿಟ್ಟರೆ ಶಿಕ್ಕಾ ಅಳಿಸಿಹೋಗುತ್ತದೆ ಎಂದನೊಬ್ಬ. ಅಳಿಸುವುದಾದರೆ ಜಿಬೂತಿಯದನ್ನು ಅಳಿಸಿರಿ, ನಮ್ಮೂರಿನದಕ್ಕೆ ಕೈ ಹಚ್ಚಿದರೆ ನೋಡಿರಿ ಎಂದು ಗೌಡರು ಗುಡುಗಿದರು. ಮಹಾದೇವಪ್ಪ ಮಾಸ್ತರರು ಕಾಪಿಬುಕ್ಕಿನ ಹಾಳೆ ಹಚ್ಚಿದರೂ ನಡೆಯುತ್ತದೆ, ಗೆರೆಯೂ ಇರುತ್ತದೆ ಎಂದರು. ಈ ಗದ್ದಲದಲ್ಲಿ ಕಪನೂರದ ಹತ್ತಿರ ಬಸ್ಸಿನ ಟಯರು ಒಡೆಯಿತು. ಅಲ್ಲಿಂದ ಟ್ರಂಕು ಅಣವೀರಪ್ಪನ ತಲೆಯ ಮೇಲೆ, ಗೊನೆ ಮುನಶಿಯ ಹೆಗಲ ಮೇಲೆ, ಎಲ್ಲರೂ ಕಲಬುರಗಿಯವರೆಗೆ ಬಿಸಿಲಲ್ಲಿ ನಡೆದರು. ಹಾದಿಯಲ್ಲಿ ನೀರು ಕೊಟ್ಟವರಿಗೆಲ್ಲ ಗೌಡರು ಬುಕ್ಕು ತೋರಿಸುತ್ತ, ಒಂದೊಂದು ಹಣ್ಣು ಕೊಡುತ್ತ ಬಂದರು.

ಕಚೇರಿಯ ಹೆಸರು ಬೇಡ. ಅಲ್ಲಿಯ ಗುಮಾಸ್ತ ತುಕಾರಾಮರು ಊಟ ಮುಗಿಸಿ ಬಂದಾಗ ಎರಡೂವರೆಯಾಗಿತ್ತು. ತಲೆಯ ಮೇಲೆ ಕರಿ ಟೋಪಿ, ಮೂಗಿನ ಮೇಲೆ ಕನ್ನಡಕ. ಪಾಸ್‌ಪೋರ್ಟನ್ನು ತಿರುವುತ್ತ ತಿರುವುತ್ತ ಅವರ ಬಾಯಿ ತೆರೆದುಕೊಂಡಿತು.

“ಮೊಂಬಾಸಾ! ನೀ ಹೋಗಿದ್ದೇನೋ ತಮ್ಮಾ? ನಮ್ಮ ಜಿಲ್ಲಾದವ? ಏ, ಬರ್ರೋ ಇಲ್ಲಿ, ನೋಡ್ರಿ!”

ಕಚೇರಿಯೆಲ್ಲ ಮೇಜಿನ ಸುತ್ತ ಕೂಡಿತು. ತುಕಾರಾಮರು ಒಂದೊಂದೇ ಶಿಕ್ಕಾ ಓದಿ ಹೇಳಿದರು. ಕೊನೆಯ ಹಾಳೆಗೆ ಬಂದು ಕನ್ನಡಕ ಒರೆಸಿಕೊಂಡರು.

“ಇದು ಕೊಂಡವಾಡದ್ದಲ್ಲೇನು? ನಿನ್ನ ಯಾರ ಹೊಲದಾಗ ಹಿಡದಿದ್ರು?”

ಎಲ್ಲರೂ ನಕ್ಕರು. ಸಲಾವುದ್ದೀನ್ ಸಾಹೇಬರು ಮಾತ್ರ ಗಂಭೀರವಾಗಿ, “ಬಿಡುಗಡಿ ಆಗ್ಯಾದ ಸಾಬ್, ಸಹೀ ಅದ,” ಎಂದರು.

ಹಾಳೆ ಮುಗಿದರೆ ಹೊಸ ಬುಕ್ಕು ಮಾಡಿಸಬೇಕು, ಅದಕ್ಕೆ ಹೈದರಾಬಾದಿಗೆ ಬರೆದು ಮೂರು ತಿಂಗಳು ಕಾಯಬೇಕು. ಇಲ್ಲವೆಂದರೆ ಸಾಹೇಬರ ಹುಕುಮಿನ ಮೇಲೆ ಇದ್ದ ಬುಕ್ಕಿಗೇ ಹೆಚ್ಚಿನ ಹಾಳೆ ಹೊಲಿಸಬಹುದು ಎಂದು ತುಕಾರಾಮರು ತಿಳಿಸಿ ಹೇಳಿದರು. “ನಮ್ಮ ಜಿಲ್ಲಾದ ಹೆಸರು ಸಮುದ್ರದಾಚೆ ಒಯ್ದಾವ ನೀ. ಇವತ್ತಽ ಹಚ್ಚಿಸಿ ಕೊಡ್ತೀನಿ. ಮೊದಲನೇ ಹಾಳಿ ಯಾಕೋ ಹೊಲದೀದಿ? ಬಿಚ್ಚು.”

ಅಣವೀರಪ್ಪ ಅವರ ಕಿವಿಯ ಹತ್ತಿರ ಬಾಗಿದ. “ಬ್ಯಾಡ್ರಿ ಸಾಹೇಬ್ರ. ಫೋಟೋದಾಗ ತಲೀ ಮ್ಯಾಲ ರುಮಾಲಿಲ್ಲರಿ. ನಮ್ಮ ಗೌಡ್ರು ಇಲ್ಲೇ ನಿಂತಾರ.”

ತುಕಾರಾಮರು ತಮ್ಮ ಟೋಪಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಮನುಷ್ಯನ ಮರ್ಯಾದೆ ಏನೆಂಬುದು ಅವರಿಗೆ ಗೊತ್ತಿತ್ತು. ರಟ್ಟಿನ ಮೇಲಿನ ಕಿಂಡಿಯಲ್ಲಿ ಹೆಸರು, ನಂಬರು ಎರಡೂ ಕಾಣುತ್ತಿದ್ದವು. ಅಷ್ಟು ಬರೆದುಕೊಂಡು ಬಿಟ್ಟರು. ದಫ್ತರದ ಹಾಳೆ ಹೊಲಿಯುವ ಶಬ್ಬೀರ್ ಬಂದು ನಾಲ್ಕು ಹೊಸ ಹಾಳೆ ಸೇರಿಸಿ ಭದ್ರವಾಗಿ ಹೊಲಿದ. ಸಾಹೇಬರು ಬಾಳೆಹಣ್ಣು ತಿನ್ನುತ್ತ, ಇನ್ನೊಂದು ಕೈಯಿಂದ ಸಹಿ ಹಾಕಿದರು. ಗೊನೆಯಲ್ಲಿ ಈಗ ಬರಿಯ ದಿಂಡು ಉಳಿದಿತ್ತು. ಸೇಠನಿಗೆ ಏನು ಹೇಳುವುದೋ ಆಮೇಲೆ ನೋಡಿದರಾಯಿತು ಎಂದುಕೊಂಡ ಅಣವೀರಪ್ಪ. ನಾಲ್ಕು ಖಾಲಿ ಹಾಳೆ ಸಿಕ್ಕಿದ್ದವಲ್ಲ! ಎರಡು ಇದ್ದಲ್ಲಿ ನಾಲ್ಕು!

ಸ್ಟೇಷನ್ನಿಗೆ ಬಂದಾಗ ಗಾಡಿಗೆ ಇನ್ನೂ ಕಾಲು ಗಂಟೆ ಇತ್ತು. ಗೌಡರು ಪ್ಲಾಟ್‌ಫಾರ್ಮಿನ ಮೇಲೆ ಕಂಡಕಂಡವರಿಗೆ, “ಇವ ನಮ್ಮ ಕಮಲಾಪುರದವ. ಏಡನ್‌ಕ್ಕ ಹೊಂಟಾನ,” ಎಂದು ಹೇಳುತ್ತ ತಿರುಗುತ್ತಿದ್ದರು. ಜಯದೇವಿ ಕಂಬದ ಮರೆಯಲ್ಲಿ ಗಂಡನ ಎದುರು ನಿಂತಳು.

“ಈಗರ ತೋರಿಸ್ರಿ. ಜಗತ್ತಿಗೆಲ್ಲಾ ತೋರಿಸೀರಿ, ನನಗಽ ಇಲ್ಲ.”

ಅಣವೀರಪ್ಪ ಅತ್ತಿತ್ತ ನೋಡಿ, ಹಲ್ಲಿನಿಂದ ದಾರ ಕಡಿದು, ಆ ಹಾಳೆ ಬಿಚ್ಚಿ ಅವಳ ಕೈಗೆ ಕೊಟ್ಟು ತಾನು ಮುಖ ಆಚೆ ತಿರುಗಿಸಿದ.

ಜಯದೇವಿ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಷ್ಟಕ್ಕ ನಾಚಿದ್ರೇನು? ಚೊಲೊ ಬಂದೀರಿ. ಅಂಜಿದ ಹುಡುಗನ್ಹಂಗ ಕಾಣ್ತೀರಿ, ಅಷ್ಟೇ.” ಮತ್ತೆ ನೋಡಿದಳು. ಹುಬ್ಬು ಕೂಡಿತು. “ರೀ, ಇಲ್ಲಿ ಮಗ್ಗಲದಾಗ ಎರಡು ತಾರೀಖ ಬರದಾರಲ್ರಿ. ಮ್ಯಾಲಿಂದು ಐದು ವರ್ಷದ ಹಿಂದಿಂದು. ತೆಳಗಿಂದು… ನಿನ್ನೀದು.”

“ನಿನಗ ಇಂಗ್ರೇಜಿ ತಾರೀಖು ಹ್ಯಾಂಗ ತಿಳೀತದ?”

“ಐದು ವರ್ಷ ನಿಮ್ಮ ಪತ್ರದ ಮ್ಯಾಲಿನ ಟಪಾಲ್ ಶಿಕ್ಕಾ ನೋಡಿ ನೋಡಿ ಕಲತೀನಿ. ನೀವು ಯಾವತ್ತು ಬರದ್ರಿ ಅಂತ ತಿಳೀಬ್ಯಾಡೇನು?”

ಟಿಕೀಟು ನೋಡುವವನನ್ನು ಕರೆದು ತೋರಿಸಿದರು. ಅವನು ಓದಿ ತಲೆಯಾಡಿಸಿದ. “ಅಕ್ಕಾರು ಹೇಳಿದ್ದು ಖರೇ. ಐದು ವರ್ಷದ ಮುದತ್ತು. ನಿನ್ನೆಗೆ ಮುಗದದ. ಈ ಬುಕ್ಕು ಇನ್ನ ನಡಿಯಂಗಿಲ್ಲ, ಹೊಸಾದು ಮಾಡಿಸಬೇಕು. ಹಾಳಿ ಎಷ್ಟಽ ಇದ್ರೂ ಉಪೇಗಿಲ್ಲ.”

ಬೊಂಬಾಯಿ ಗಾಡಿ ಬಂತು, ನಿಂತಿತು, ಹೋಯಿತು. ಅದರ ಹಿಂದೆಯೇ ಅಣವೀರಪ್ಪನ ಕಣ್ಣ ಮುಂದೆ ಶನಿವಾರದ ಹಡಗೂ ಹೋಯಿತು. ಸೇಠನ ಅಡುಗೆಮನೆಯಲ್ಲಿ ಸೂರತ್ತಿನವನು ತೊವ್ವೆಗೆ ಬೆಲ್ಲ ಹಾಕುವುದೂ ಕಂಡಿತು. ಅವನು ಟ್ರಂಕಿನ ಮೇಲೆ ಕುಸಿದು ಕೂತ. ಕಮಲಾಪುರದ ಮಂದಿ ಸುತ್ತ ತಲೆ ತಗ್ಗಿಸಿ ನಿಂತರು. ಜಯದೇವಿಯ ಮುಖದಲ್ಲಿ ಮಾತ್ರ ದುಃಖ ಎಷ್ಟು ಹುಡುಕಿದರೂ ಸಿಗುವಂತಿರಲಿಲ್ಲ. ಅವಳು ಬುಕ್ಕನ್ನು ಎದೆಗೊತ್ತಿಕೊಂಡು, “ನನ್ನ ಗಂಡ ಐದು ವರ್ಷ ಒಂದೂ ದಿನ ಹುಸಿ ಹೋಗಲಾರದಂಗ ಬುಕ್ಕು ನಡಿಸ್ಯಾನ,” ಎಂದು ಟಿಕೀಟಿನವನಿಗೆ ಹೇಳುತ್ತಿದ್ದಳು.

ಗೌಡರು ಕೆಮ್ಮಿದರು. “ಅಣವೀರಪ್ಪಾ, ಆಗಿದ್ದು ಆಗಿ ಹೋತು. ಹಂಗಾದ್ರ… ಆ ಹೊಸಾ ನಾಕು ಹಾಳಿ?”

“ಏನ್ರಿ ಗೌಡ್ರ?”

“ಅಲ್ಲಾ, ಖಾಲಿನೇ ಉಳದಾವಲ್ಲ, ಅಂದೆ.”

ಮಹಾದೇವಪ್ಪ ಮಾಸ್ತರರು ಮುಂದೆ ಬಂದರು. ಮುಂಜಾನೆಯಿಂದ ಅವರ ಮುಖ ಸಪ್ಪಗೇ ಇತ್ತು. ಚಾವಡಿಯಲ್ಲಿ ಅವರ ಸರದಿ ಬರುವುದರೊಳಗೆ ಹಾಳೆ ಮುಗಿದಿತ್ತು. “ಸಾಲಿ ಕಲಿಸಿದ ಗುರು ನಾನು,” ಎಂದರು. “ಕೊಂಡವಾಡದ್ದು ಅದ, ಸಾಲಿಂದು ಇಲ್ಲ.” ಹೀಗೆಂದವರೇ ಅಂಗಿಯ ಜೇಬಿನಿಂದ ಸಾಲೆಯ ಶಿಕ್ಕಾ ಹೊರಗೆ ತೆಗೆದರು. ಇನ್ನೊಂದು ಜೇಬಿನಿಂದ ಮಸಿಯ ಡಬ್ಬಿ ಬಂತು. ಎರಡನ್ನೂ ಅವರು ಕಮಲಾಪುರದಿಂದ, ಕಪನೂರದ ಬಿಸಿಲಲ್ಲೂ ಬಿಡದೆ, ಇಲ್ಲಿಯವರೆಗೆ ಹೊತ್ತು ತಂದಿದ್ದರು.

ಅಣವೀರಪ್ಪ ಮಾಸ್ತರರನ್ನು ನೋಡಿದ, ಗೌಡರನ್ನು ನೋಡಿದ, ಬುಕ್ಕು ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಕೆಲಸ ಹೋಗಿತ್ತು, ಹಡಗು ಹೋಗಿತ್ತು, ಗೊನೆಯೂ ಹೋಗಿತ್ತು. ಎದ್ದು ನಿಂತು ರುಮಾಲು ಸರಿಮಾಡಿಕೊಂಡ. ಹೆಂಡತಿಯ ಕೈಯಿಂದ ಬುಕ್ಕು ತೆಗೆದುಕೊಂಡು, ಟ್ರಂಕಿನ ಮೇಲಿಟ್ಟು, ಶಬ್ಬೀರ್ ಹೊಲಿದ ಮೊದಲ ಹಾಳೆಯನ್ನು ಅಂಗೈಯಿಂದ ಸವರಿ ಸಪಾಟು ಮಾಡಿದ.

“ನೆಟ್ಟಗ ಹೊಡೀರಿ ಮಾಸ್ತರ,” ಎಂದ. “ಬೀಗರು ನೋಡ್ತಾರ.”