ನೈಗಾರ್ಡ್ ಮೇಷ್ಟ್ರ ಪುಕ್ಕಟೆ ಪುಸ್ತಕ

ವೇಳಾಪಟ್ಟಿಯಲ್ಲಿ ಒಂದು ಪುಟ್ಟ ಹಸಿರು ಎಲೆಯ ಗುರುತು ಇಲ್ಲದ್ದೇ ಲೆಲ್ಯಾಂಡ್ ನೈಗಾರ್ಡ್ ಮೇಷ್ಟ್ರ ಆವತ್ತಿನ ರಗಳೆಗೆಲ್ಲ ಕಾರಣ. ಪಠ್ಯಪುಸ್ತಕ ಪುಕ್ಕಟೆ ಸಿಗುವ ತರಗತಿಗಳಿಗೆ ಕಾಲೇಜು ಆ ಗುರುತು ಹಾಕುತ್ತಿತ್ತು. ಹುಡುಗರು ಎಲೆ ಕಂಡ ಮೇಕೆಗಳ ಹಾಗೆ ಅಲ್ಲಿಗೇ ನುಗ್ಗುತ್ತಿದ್ದರು. ಮೇಷ್ಟ್ರ ಸಂಗೀತ ರಸಗ್ರಹಣಕ್ಕೆ ಹೆಸರು ಬರೆಸಿದವರು ನಾಲ್ಕೇ ಜನ. ಹತ್ತಾಗದಿದ್ದರೆ ತರಗತಿ ರದ್ದು.

"ಸಂಜೆ ನಾಲ್ಕು ಗಂಟೆಯೊಳಗೆ ಯಾವುದಾದ್ರೂ ಪುಕ್ಕಟೆ ಪುಸ್ತಕ ಆರಿಸಿ ಕಳಿಸಿ ನೈಗಾರ್ಡ್. ಆಮೇಲೆ ನನ್ನ ಬೈಕೋಬೇಡಿ," ಎಂದು ಡೀನ್ ಟ್ಯಾಮ್ಸಿನ್ ರಡ್ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟರು.

ಉತ್ತರ ಮಿನೆಸೊಟಾದ ಆ ಸಣ್ಣ ಕಾಲೇಜಿನಲ್ಲಿ ಮೇಷ್ಟ್ರು ಮೂವತ್ತೊಂದು ವರ್ಷ ಒಂದೇ ಪುಸ್ತಕ ಇಟ್ಟುಕೊಂಡು ಪಾಠ ಮಾಡಿದ್ದರು. ಮೊದಮೊದಲು ಅದರ ಜೊತೆ ಕ್ಯಾಸೆಟ್ಟುಗಳು ಬರುತ್ತಿದ್ದವು, ಆಮೇಲೆ ಸೀಡಿಗಳು, ಕೊನೆಗೆ ಪುಸ್ತಕವೇ ಬರದೆ ಬರೀ ಒಂದು ಪಾಸ್‌ವರ್ಡ್. ಮೇಷ್ಟ್ರು ಮಾತ್ರ ತಮ್ಮ ಹಳೆಯ ಗ್ರಾಮಫೋನ್ ತಟ್ಟೆಗಳನ್ನೇ ನಂಬಿದ್ದರು. ಜನವರಿಯ ಬೆಳಗು, ಹುಡುಗರ ಬೂಟಿನ ಹಿಮ ಕರಗಿ ನೆಲವೆಲ್ಲ ಒದ್ದೆ, ಮುಳ್ಳು ತಟ್ಟೆಯ ಮೇಲೆ ಇಳಿದಾಗ ಬರುವ ಚರಚರ ಸದ್ದು. ಮರುಕ್ಷಣ ಮೂವತ್ತು ಜನರ ಉಸಿರು ಒಟ್ಟಿಗೆ ನಿಲ್ಲುತ್ತಿತ್ತು. ಅವರು ಇಷ್ಟು ವರ್ಷ ಕಾಲೇಜಿಗೆ ಬರುತ್ತಿದ್ದದ್ದು ಆ ಒಂದು ಕ್ಷಣಕ್ಕಾಗಿ. ಅದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ.

ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಬರ್ನೀಸ್ ಕೊಯ್ವಿಸ್ಟೊ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಟ್ಟರು. "ಬನ್ನಿ ಮೇಷ್ಟ್ರೇ, ಪುಕ್ಕಟೆ ಪುಸ್ತಕಕ್ಕೇನು ಬರ ಇಲ್ಲ."

ಮೊದಲನೆಯದನ್ನು ಬರೆದವರು ಯಾರೋ ತುತ್ತೂರಿ ಮೇಷ್ಟ್ರು. ಮುನ್ನೂರು ಪುಟ ತುತ್ತೂರಿಯೇ. ಪಿಟೀಲಿಗೆ ಕೊಟ್ಟದ್ದು ಒಂದೂವರೆ ಸಾಲು, ಅದೂ ದೂರಿನ ಧಾಟಿಯಲ್ಲಿ. ಎರಡನೆಯದರಲ್ಲಿ ಬರಹ ಚೆನ್ನಾಗಿತ್ತು, ಆದರೆ ಕೇಳಬೇಕಾದ ಸಂಗೀತದ ಕೊಂಡಿಗಳೆಲ್ಲ ಸತ್ತಿದ್ದವು. ಬದುಕಿದ್ದ ಒಂದೇ ಒಂದನ್ನು, ಸನ್ಯಾಸಿಗಳ ಪ್ರಾರ್ಥನೆಯದನ್ನು, ಒತ್ತಿದರೆ ಟ್ರಕ್ ಟೈರಿನ ಜಾಹೀರಾತು ಗುಡುಗಿತು. ಓದುತ್ತಿದ್ದ ಹುಡುಗಿಯೊಬ್ಬಳು ಬೆಚ್ಚಿ ಕಾಫಿ ಚೆಲ್ಲಿಕೊಂಡಳು.

ಅಷ್ಟರಲ್ಲಿ ವೆಲ್ಡಿಂಗ್ ಕಲಿಸುವ ಗಸ್ ಪ್ರೀಬ್ ಮಧ್ಯಾಹ್ನದ ಊಟದ ಹಾಟ್‌ಡಿಶ್ ಡಬ್ಬಿ ಹಿಡಿದು ಬಂದ. "ಏನಯ್ಯಾ ಲೆಲ್ಯಾಂಡ್, ಹೆಣ್ಣು ನೋಡೋಕೆ ಬಂದೋನ ಥರ ಮೂತಿ ಮುರೀತಿದ್ದೀಯ? ಈ ಪುಸ್ತಕಗಳ ಲೈಸೆನ್ಸ್ ಓದಿದೀಯಾ? ಯಾರು ಬೇಕಾದ್ರೂ ಕತ್ತರಿಸಬಹುದು, ಜೋಡಿಸಬಹುದು. ಇದರಲ್ಲಿ ಅರ್ಧ, ಅದರಲ್ಲಿ ಅರ್ಧ ತಗೊಂಡು ಬೆಸುಗೆ ಹಾಕು!"

"ಸಂಗೀತ ಕಬ್ಬಿಣ ಅಲ್ಲ ಗಸ್."

"ಕಬ್ಬಿಣ ಆಗಿದ್ರೆ ಇಷ್ಟೊತ್ತಿಗೆ ಮುಗಿಸಿ ಕೊಡ್ತಿದ್ದೆ."

ಬರ್ನೀಸ್ ಅಧ್ಯಾಯಗಳನ್ನು ಕೌದಿಯ ತುಂಡುಗಳ ಹಾಗೆ ಜೋಡಿಸತೊಡಗಿದರು. ಗಸ್ ತನ್ನಜ್ಜ ನುಡಿಸುತ್ತಿದ್ದ ಅಕಾರ್ಡಿಯನ್ ಬಗ್ಗೆ ಒಂದು ಅಧ್ಯಾಯ ಇರಲೇಬೇಕೆಂದು ಹಟ ಹಿಡಿದ. ಎರಡು ಗಂಟೆಗೆ ನೋಡಿದರೆ ಸನ್ಯಾಸಿಗಳು ಜಾಝ್ ಆದಮೇಲೆ ಹುಟ್ಟಿದ್ದರು. ಸರಿಪಡಿಸಲು ಹೋದ ಮೇಷ್ಟ್ರು ಯಾವುದೋ ಗುಂಡಿ ಒತ್ತಿದರು. ಮುದ್ರಣಯಂತ್ರ ಆರುನೂರ ನಲವತ್ತು ಪುಟಗಳನ್ನು ಕಾರತೊಡಗಿತು. ಯಾರು ಏನು ಒತ್ತಿದರೂ ನಿಲ್ಲಲಿಲ್ಲ. ಕೊನೆಗೆ ಗಸ್ ತಂತಿಯನ್ನೇ ಕಿತ್ತ. ಕಂಪ್ಯೂಟರೂ ಅದೇ ತಂತಿಯಲ್ಲಿತ್ತು. ಕೌದಿ ಮಾಯ.

ಮೂರೂವರೆಗೆ, ಇನ್ನೊಂದು ಕಂಪ್ಯೂಟರಿನಲ್ಲಿ ಬರ್ನೀಸ್ ಸುಸ್ತಾಗಿ ಕೊನೆಯದೊಂದನ್ನು ತೆರೆದರು. "ಇದು ಹೋದ ವಾರ ಬಂದದ್ದಂತೆ."

ಮುನ್ನುಡಿ ಓದಿ ಕಾಲ ಹಾಳುಮಾಡಬೇಡಿ ಎಂದು ಮೂವತ್ತೊಂದು ವರ್ಷ ಹುಡುಗರಿಗೆ ಹೇಳಿದವರು ಮೇಷ್ಟ್ರು. ನೇರ ಮೊದಲ ಪಾಠಕ್ಕೆ ಹೋದರು. 'ಹಾಡಿಗೆ ಮುಂಚಿನ ಮೌನವನ್ನು ಕೇಳಿಸಿಕೊಳ್ಳದವನು ಹಾಡಿಗೆ ತಡವಾಗಿ ಬಂದವನು' ಎಂದಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಪುಟ, ಅದರ ಮುಂದಿನದು. ಎಲ್ಲಿ ತಡೆಯಬೇಕೋ ಅಲ್ಲೇ ತಡೆಯುತ್ತಿತ್ತು, ಎಲ್ಲಿ ನಗಿಸಬೇಕೋ ಅಲ್ಲೇ ನಗಿಸುತ್ತಿತ್ತು. ತಮ್ಮಂತೆ ಕೇಳುವ ಜೀವ ಇನ್ನೊಂದಿದೆ ಎನ್ನಿಸಿ ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಇದೇ," ಎಂದರು. ಮೂರು ಐವತ್ತೆಂಟಕ್ಕೆ ಕಳಿಸಿದರು.

ಮರುದಿನದವರೆಗೂ ಕಾಯಬೇಕಾಗಲಿಲ್ಲ. ಐದಕ್ಕೇ ಡೀನ್ ತಮ್ಮ ಕೋಣೆಗೆ ಕರೆಸಿದರು.

"ಎಪ್ಪತ್ತೆರಡು ಜನ, ನೈಗಾರ್ಡ್! ಒಂದೇ ಗಂಟೇಲಿ! ಎಂಥ ಜಾಣರು ನೀವು. ನಿಮ್ಮ ಪುಸ್ತಕಾನೇ ಆರಿಸಿಬಿಟ್ರಲ್ಲ!"

"ನನ್ನ ಪುಸ್ತಕವೇ?"

"ಮುನ್ನುಡಿ ಓದಿಲ್ವಾ?" ಡೀನ್ ಗಟ್ಟಿಯಾಗಿ ಓದಿದರು. "'ನಾನು ಡ್ವೈಟ್ ಸ್ಯಾಂಡ್‌ವಿಕ್. ನೈಗಾರ್ಡ್ ಮೇಷ್ಟ್ರ ತರಗತಿಯಲ್ಲಿ ಎರಡು ಸಲ ಕೂತವನು, ಮೊದಲ ಸಲ ನಪಾಸಾದ್ದರಿಂದ. ಎರಡನೇ ಸಲ ಅವರ ಒಪ್ಪಿಗೆ ಬರೆಸಿಕೊಂಡು ಎಲ್ಲ ಪಾಠಗಳನ್ನೂ ಟೇಪು ಮಾಡಿಕೊಂಡೆ. ಇದರಲ್ಲಿ ನನ್ನದೊಂದು ಮಾತೂ ಇಲ್ಲ.'"

ಹಿಂದಿನ ಸಾಲು, ಮುಖದ ಮೇಲೆ ಟೋಪಿ, ಸಣ್ಣ ಗೊರಕೆ. ಪಾರ್ಕಿಂಗಿನ ಹಿಮದಲ್ಲಿ ಅವನು ಚಾಚಿದ ಕಾಗದಕ್ಕೆ ಹಾಜರಾತಿಯದ್ದೆಂದು ಸಹಿ ಹಾಕಿದ್ದು ಈಗ ನೆನಪಾಯಿತು. ಮೇಷ್ಟ್ರ ಕಣ್ಣು ತುಂಬಿತು. "ನಿದ್ದೆ ಮಾಡ್ತಿದ್ದಾನೆ ಅಂದ್ಕೊಂಡಿದ್ದೆ."

"ಎಪ್ಪತ್ತೆರಡು ಜನ ಹಿಡಿಸೋ ಕೊಠಡಿ ನಮ್ಮಲ್ಲಿಲ್ಲ. ನಿಮ್ಮ ಪಾಠ ಪೂರ್ತಿ ಇದರಲ್ಲೇ ಇದೆ, ಕೆಮ್ಮು ಸಮೇತ. ಇನ್ನು ನಿಮಗ್ಯಾಕೆ ತೊಂದರೆ? ಹುಡುಗರು ಮನೇಲೇ ಓದ್ಕೊಳ್ಳಲಿ ಬಿಡಿ."

"ಮತ್ತೆ ನಾನು?"

"ಲೈಸೆನ್ಸಿಗೆ ಇರೋದು ಒಂದೇ ಷರತ್ತು, ನಿಮ್ಮ ಹೆಸರು ತೆಗೀಬಾರದು. ನಾವು ತೆಗಿಯಲ್ಲ, ಚಿಂತೆ ಬಿಡಿ." ಡೀನ್ ಪ್ರೀತಿಯಿಂದ ಪರದೆಯನ್ನು ಅವರ ಕಡೆ ತಿರುಗಿಸಿದರು.

ಸಂಗೀತ ರಸಗ್ರಹಣ. ಸಮಯ: ಯಾವಾಗಲಾದರೂ. ಕೊಠಡಿ: ಎಲ್ಲಾದರೂ. ಅಧ್ಯಾಪಕರು, ದಪ್ಪ ಅಕ್ಷರದಲ್ಲಿ: ನೈಗಾರ್ಡ್.